ಎರಡು ಮತ

ಆಸ್ಟಿನ್
4 ಸೆಪ್ಟೆಂಬರ್ 2025

ಗೌರವದ ಸರೋಜಾ ಅವರಿಗೆ,

ನಿಮಗೆ ನನ್ನ ಪರಿಚಯವಿಲ್ಲ. ನಾನು ಸುಚೇತಾ, ಮೈಸೂರಿನವಳು. ಆಸ್ಟಿನ್‌ನಲ್ಲಿ ರಾಜ್ಯಶಾಸ್ತ್ರದಲ್ಲಿ ಪಿಎಚ್‌.ಡಿ. ಮಾಡುತ್ತಿದ್ದೇನೆ, ಇದು ಆರನೆಯ ವರ್ಷ. ಕಳೆದ ವಾರ ಡಾಲಸ್‌ನ ಗಣೇಶನ ಹಬ್ಬದಲ್ಲಿ ಫ್ಲವರ್ ಮೌಂಡಿನ ನಂದಕುಮಾರ್ ಅಂಕಲ್ ಸಿಕ್ಕಿದ್ದರು. ನನ್ನ ಗೋಳು ಕೇಳಿ, "ಡಚ್ ಓದಕ್ಕೆ ಒದ್ದಾಡ್ತಿದೀಯಾ? ನಮ್ಮ ಸರೋಜಾ ಆಂಟಿ ಇದ್ದಾರಲ್ಲಮ್ಮ, ಹಾಲೆಂಡ್‌ನಲ್ಲಿ ನರ್ಸ್ ಆಗಿದ್ದೋರು. ಆದ್ರೆ ಈಮೇಲ್ ಮುಟ್ಟಲ್ಲ, ಫೋನ್ ಎತ್ತಲ್ಲ. ಕಾಗದ ಬರಿ," ಎಂದು ನಿಮ್ಮ ವಿಳಾಸ ಕೊಟ್ಟರು.

ನನ್ನ ವಿಷಯ ಸ್ವಲ್ಪ ವಿಚಿತ್ರ. ಯುರೋಪಿನ ಕೆಲವು ಸಂಸತ್ತುಗಳಲ್ಲಿ ಕಟ್ಟುನಿಟ್ಟಿನ ಕ್ರೈಸ್ತರ ಪುಟ್ಟ ಪಕ್ಷಗಳಿವೆ. ಹಾಲೆಂಡಿನ ಕೆಳಮನೆಯಲ್ಲಿ ನೂರೈವತ್ತು ಜನ. ಅದರಲ್ಲಿ ಇಂಥ ಒಂದು ಪಕ್ಷಕ್ಕೆ ನೂರು ವರ್ಷದಿಂದ ಎರಡೋ ಮೂರೋ ಸ್ಥಾನ. ಹೆಚ್ಚಾಗುವುದೂ ಇಲ್ಲ, ಅಳಿಯುವುದೂ ಇಲ್ಲ. ಒಮ್ಮೆಯೂ ಮಂತ್ರಿಯಾದವರಲ್ಲ. ಹನ್ನೆರಡು ವರ್ಷದ ಹಿಂದಿನವರೆಗೆ ಹೆಂಗಸರನ್ನು ಚುನಾವಣೆಗೆ ನಿಲ್ಲಿಸುತ್ತಲೂ ಇರಲಿಲ್ಲ. ಇವರು ರಾಜಕೀಯದ ಮ್ಯೂಸಿಯಂ ಎಂದೇ ನನ್ನ ವಾದ.

ಝೀಲ್ಯಾಂಡ್ ಪ್ರಾಂತ್ಯದ ಕೆಲವು ಊರುಗಳ ಪುರಸಭೆಯ ಹಳೆಯ ನಡಾವಳಿಗಳನ್ನು ತರಿಸಿಕೊಂಡಿದ್ದೇನೆ. ಡಚ್ ಪತ್ರಿಕೆ ಓದಬಲ್ಲೆ. ಆದರೆ ಆ ಕಾಲದ ಗುಮಾಸ್ತರ ಕೈಬರಹ ನನ್ನನ್ನು ಸೋಲಿಸಿದೆ. ನೀವು ಕೆಲಸ ಮಾಡಿದ ಊರಿನ ಹೆಸರನ್ನು ಅಂಕಲ್ ಹೇಳಿದರು. ಅದೇ ಊರಿನ ಎಪ್ಪತ್ತರ ದಶಕದ ಮೂವತ್ತು ಪುಟಗಳನ್ನು ಇದರ ಜೊತೆ ಇಟ್ಟಿದ್ದೇನೆ. ಬಿಡುವಿದ್ದರೆ ಮಾತ್ರ ನೋಡಿ.

ವಿನಯಪೂರ್ವಕ,
ಸುಚೇತಾ


ಫಾರ್ಮರ್ಸ್ ಬ್ರಾಂಚ್
15 ಸೆಪ್ಟೆಂಬರ್ 2025

ಪ್ರೀತಿಯ ಸುಚೇತಾ,

ಕನ್ನಡದಲ್ಲಿ ಕೈಯಿಂದ ಬರೆದ ಕಾಗದ ನನ್ನ ಡಬ್ಬಿಗೆ ಬಂದು ಏಳೆಂಟು ವರ್ಷವಾಗಿತ್ತು. ಅದಕ್ಕೇ ಮೂವತ್ತು ಪುಟವನ್ನೂ ಮುಗಿಸಿದೆ. ಅನುವಾದ ಜೊತೆಗಿದೆ. ನಿನಗಿಂತ ನಾನು ನಲವತ್ತು ವರ್ಷ ದೊಡ್ಡವಳಿರಬೇಕು. ನೀನು ಎನ್ನುತ್ತೇನೆ, ಬೇಸರವಿಲ್ಲ ತಾನೆ.

ನಾನು ಧಾರವಾಡದವಳು. ತಂದೆ ಅಲ್ಲಿಯ ಮಿಷನ್ ಶಾಲೆಯಲ್ಲಿ ಡ್ರಾಯಿಂಗ್ ಮಾಸ್ತರರು. ನಾವು ಪ್ರೊಟೆಸ್ಟೆಂಟ್ ಕ್ರೈಸ್ತರು. ನರ್ಸಿಂಗ್ ಮುಗಿಸಿ 1973ರಲ್ಲಿ ಹಾಲೆಂಡಿಗೆ ಹೋದೆ. ಅಲ್ಲಿಯೇ ಮೈಸೂರಿನ ಡಾಕ್ಟರ್ ರಾಜಗೋಪಾಲ ಅವರ ಪರಿಚಯವಾಗಿ ಮದುವೆಯಾದೆ. ಹೂಸ್ಟನ್‌ಗೆ ಬಂದು ಪೇರ್ಲ್ಯಾಂಡ್‌ನಲ್ಲಿ ಮೂವತ್ತೆಂಟು ವರ್ಷ ಸಂಸಾರ ಮಾಡಿದೆವು. ಅವರು ಶನಿವಾರ ಮೀನಾಕ್ಷಿ ಗುಡಿಗೆ, ನಾನು ಭಾನುವಾರ ಚರ್ಚಿಗೆ, ಕಾರು ಒಂದೇ. ಅವರು ಹೋದ ಮೇಲೆ ಮಗಳು ವಸುಧಾ ಇರುವ ಡಾಲಸ್ ಕಡೆ ಬಂದೆ. ಅವಳ ಮನೆ ಫ್ಲವರ್ ಮೌಂಡ್, ನನ್ನದು ಇಲ್ಲಿ. ಮಧ್ಯೆ ಇಪ್ಪತ್ತು ನಿಮಿಷದ ಹೆದ್ದಾರಿ ಇರುವುದು ಇಬ್ಬರಿಗೂ ಒಳ್ಳೆಯದು.

ನೀನು ಅವರನ್ನು ಮ್ಯೂಸಿಯಂ ಎಂದು ಬರೆದಿದ್ದೀ. ಆ ಮ್ಯೂಸಿಯಂನ ಅಟ್ಟದ ಮೇಲೆ ನಾನು ಎಂಟು ತಿಂಗಳು ಮಲಗಿದ್ದೆ.

ಆಸ್ಪತ್ರೆಯಲ್ಲಿ ನಮಗೆ ವಸತಿ ಇರಲಿಲ್ಲ. ನಾವು ಹನ್ನೊಂದು ಜನ ಪರದೇಶದ ಹುಡುಗಿಯರು ಊರವರ ಮನೆಗಳಲ್ಲಿ ಹಂಚಿಹೋಗಿದ್ದೆವು. ನನಗೆ ಸಿಕ್ಕಿದ್ದು ಆಲೂಗಡ್ಡೆ ಬೆಳೆಯುವ ಒಬ್ಬ ರೈತರ ಮನೆ. ಅವರು ನೀನು ಹೇಳುವಂಥ ಪಕ್ಷದಿಂದಲೇ ಪುರಸಭೆಯ ಸದಸ್ಯರು. ಹದಿಮೂರು ಜನರ ಸಭೆಯಲ್ಲಿ ಆ ಪಕ್ಷದವರು ಇಬ್ಬರು. ಅವರ ಮಗಳು ಯಾನ್ನಾ ನನ್ನ ವಯಸ್ಸಿನವಳು. ನನಗೆ ಡಚ್ ಕಲಿಸಿದವಳು ಅವಳೇ.

1974ರಲ್ಲಿ ಖಾಲಿ ಬಿದ್ದ ಹಳೆಯ ಶಾಲೆಯೊಂದನ್ನು ನಮಗೆ ಹಾಸ್ಟೆಲ್ ಮಾಡುವ ಮಾತು ಬಂತು. ಇಲ್ಲವಾದರೆ ಕರಾರು ಮುಂದುವರಿಯುತ್ತಿರಲಿಲ್ಲ, ಎಲ್ಲರೂ ವಾಪಸ್ಸು. ಪರ ಆರು, ವಿರೋಧ ಐದು, ಉಳಿದವರು ಈ ಇಬ್ಬರು. ಹೊರಗಿನ ಹೆಂಗಸರಿಗೆ ಇವರು ಮತ ಕೊಡುವುದಿಲ್ಲವೆಂದೇ ಊರೆಲ್ಲ ಅಂದುಕೊಂಡಿತ್ತು. ನಾವು ಗ್ಯಾಲರಿಯಲ್ಲಿ ಕೋಟು ತೆಗೆಯದೆ ಕುಳಿತಿದ್ದೆವು. ಯಾನ್ನಾಳ ತಂದೆ ಎದ್ದು ನಿಂತು, ಬಾಗಿಲಿಗೆ ಬಂದ ಪರದೇಶಿಯನ್ನು ಹೊರಗೆ ನಿಲ್ಲಿಸಿ ಊಟ ಮಾಡುವ ಮನೆಯ ಮೇಲೆ ದೇವರ ಆಶೀರ್ವಾದ ಇರುವುದಿಲ್ಲ ಎಂದರು. ಇಬ್ಬರೂ ಕೈ ಎತ್ತಿದರು. ನಾನು ಉಳಿದೆ. ಉಳಿದಿದ್ದರಿಂದ ರಾಜಗೋಪಾಲರು ಸಿಕ್ಕರು, ವಸುಧಾ ಹುಟ್ಟಿದಳು. ಈ ಕತೆಯನ್ನು ಅವಳಿಗೆ ನೂರು ಸಲ ಹೇಳಿದ್ದೇನೆ.

ಮ್ಯೂಸಿಯಂ ಎನ್ನುವ ಮೊದಲು ಇದನ್ನೂ ಬರೆದುಕೋ.

ಪ್ರೀತಿಯಿಂದ,
ಸರೋಜಾ ಆಂಟಿ


ಆಸ್ಟಿನ್
24 ಸೆಪ್ಟೆಂಬರ್ 2025

ಪ್ರೀತಿಯ ಸರೋಜಾ ಆಂಟಿ,

ನಿಮ್ಮ ಕಾಗದವನ್ನು ಲೈಬ್ರರಿಯ ಮೆಟ್ಟಿಲ ಮೇಲೆ ಕುಳಿತು ಎರಡು ಸಲ ಓದಿದೆ. ನಿಮ್ಮ ಅನುವಾದದ ಅಂಚಿನ ಟಿಪ್ಪಣಿಗಳೂ ಚೆನ್ನಾಗಿವೆ. "ಈ ಮನುಷ್ಯ ಪ್ರತಿ ಸಭೆಯಲ್ಲೂ ಕೆಮ್ಮುತ್ತಿದ್ದ, ಗುಮಾಸ್ತ ಅದನ್ನು ಬರೆದಿಲ್ಲ" ಎನ್ನುವುದನ್ನು ಯಾವ ದಾಖಲೆಯಲ್ಲಿ ಹುಡುಕಲಿ?

ಹಾಸ್ಟೆಲಿನ ಕತೆಯನ್ನು ನನ್ನ ಅಧ್ಯಾಯದಲ್ಲಿ ಬಳಸಲೇ? ನನ್ನ ಗೈಡ್ ಒಂದೇ ಪ್ರಶ್ನೆ ಕೇಳುತ್ತಿದ್ದಾರೆ: ಇಬ್ಬರೇ ಇರುವ ಪಕ್ಷಕ್ಕೆ ಪಾತ್ರ ಎಲ್ಲಿದೆ? ಇಲ್ಲಿ ಟೆಕ್ಸಸ್‌ನಲ್ಲಿ ಎರಡೇ ದೊಡ್ಡ ಪಕ್ಷ. ಚಿಕ್ಕವರಿಗೆ ಜಾಗವೇ ಇಲ್ಲ. ಅಲ್ಲಿ ಹಾಗಲ್ಲ. ಹದಿನೈದು ವರ್ಷದ ಹಿಂದೆ ಹಾಲೆಂಡಿನ ಸರ್ಕಾರಕ್ಕೆ ಮೇಲ್ಮನೆಯಲ್ಲಿ ಒಂದು ಮತ ಕಡಿಮೆ ಬಿದ್ದು, ಅಂಥ ಪಕ್ಷದ ಒಬ್ಬನೇ ಸದಸ್ಯನ ಮುಖ ನೋಡಬೇಕಾಗಿತ್ತು. ನಿಮ್ಮ ಊರಿನಲ್ಲಿ ನಡೆದದ್ದೂ ಅದೇ. ಅವರು ಲೆಕ್ಕ ಹಾಕದೆ ಮನಸ್ಸಾಕ್ಷಿಗೆ ಮತ ಕೊಟ್ಟರು ಎಂದು ತೋರಿಸಬಹುದು.

1974ರ ಕಾಗದಗಳು, ಸಮಿತಿಯ ಒಳಸಭೆಗಳದ್ದೂ ಸೇರಿ, ಈ ಕಟ್ಟಿನಲ್ಲಿವೆ. ಮೂವತ್ತೊಂದರಿಂದ ಎಪ್ಪತ್ತನೆಯ ಪುಟದವರೆಗೆ.

ಯಾನ್ನಾ ಈಗ ಎಲ್ಲಿದ್ದಾರೆ? ಮಾತನಾಡುತ್ತೀರಾ?

ನಿಮ್ಮ,
ಸುಚೇತಾ


ಫಾರ್ಮರ್ಸ್ ಬ್ರಾಂಚ್
2 ನವೆಂಬರ್ 2025

ಪ್ರೀತಿಯ ಸುಚೇತಾ,

ತಡವಾಯಿತು. ಅನುವಾದ ಕಳಿಸಿದ್ದೇನೆ. ನಲವತ್ತೊಂದನೆಯ ಪುಟ ಮಸುಕಾಗಿದ್ದರಿಂದ ಬಿಟ್ಟಿದ್ದೇನೆ.

ಹಾಲೆಂಡಿನಲ್ಲಿ ಮೊನ್ನೆ ಚುನಾವಣೆ ಮುಗಿಯಿತಂತೆ. ನಿನ್ನವರಿಗೆ ಮತ್ತೆ ಮೂರೇ ಸ್ಥಾನ. ನಿನಗೆ ಸಮಾಧಾನವಾಗಿರಬೇಕು.

ಹಾಸ್ಟೆಲಿನ ಕತೆ ಬಳಸುವುದು ಬೇಡ. ಹಳೆಯದು, ನನಗೆ ಸರಿಯಾಗಿ ನೆನಪಿಲ್ಲ.

ಯಾನ್ನಾ ನನಗೆ ಬರೆಯುವುದು ನಿಲ್ಲಿಸಿ ಬಹಳ ವರ್ಷವಾಯಿತು.

ಸರೋಜಾ


ಆಸ್ಟಿನ್
9 ನವೆಂಬರ್ 2025

ಪ್ರೀತಿಯ ಆಂಟಿ,

ನಿಮ್ಮ ಕಾಗದ ಓದಿದ ಮೇಲೆ ಎರಡು ಮೂರು ದಿನ ನನಗೆ ಕೆಲಸ ಹತ್ತಲಿಲ್ಲ. ಮ್ಯೂಸಿಯಂ ಎಂದದ್ದು ತಪ್ಪು. ನಿಮ್ಮ ನಂಬಿಕೆಯ ಜನರನ್ನು ನಾನು ಜೀವ ಇಲ್ಲದವರಂತೆ ಮೇಜಿನ ಮೇಲೆ ಹರಡಿಕೊಂಡು ಕೊಯ್ಯುತ್ತಿದ್ದೇನೆ ಅನ್ನಿಸಿರಬೇಕು. ನಮ್ಮ ಮನೆಯವರ ಬಗ್ಗೆ ಯಾರಾದರೂ ಹಾಗೆ ಬರೆದರೆ ನನಗೂ ನೋವಾಗುತ್ತಿತ್ತು. ಕ್ಷಮಿಸಿ.

ಥ್ಯಾಂಕ್ಸ್‌ಗಿವಿಂಗ್ ರಜೆಗೆ ಡಾಲಸ್ ಕಡೆ ಬರುತ್ತಿದ್ದೇನೆ. ಬಂದು ನೋಡಬಹುದೇ? ಪುಟಗಳ ಮಾತು ಎತ್ತುವುದಿಲ್ಲ. ನಲವತ್ತೊಂದು ಮಸುಕಾಗಿದ್ದರೆ ಇರಲಿ ಬಿಡಿ.

ನಿಮ್ಮ,
ಸುಚೇತಾ


ಫಾರ್ಮರ್ಸ್ ಬ್ರಾಂಚ್
18 ನವೆಂಬರ್ 2025

ಮಗಳೇ,

ನಿನ್ನ ಮೇಲೆ ನನಗೆ ಸಿಟ್ಟಿಲ್ಲ. ನಂಬಿಕೆಯ ಮಾತು ಅಲ್ಲವೇ ಅಲ್ಲ. ಧಾರವಾಡದಲ್ಲಿ ಹುಟ್ಟಿ ಬೆಳೆದವಳು ಇದಕ್ಕಿಂತ ಖಾರದ ಮಾತು ಕೇಳಿದ್ದೇನೆ. ನಲವತ್ತೊಂದನೆಯ ಪುಟ ಮಸುಕಾಗಿಲ್ಲ. ಸ್ಪಷ್ಟವಾಗಿದೆ. ಇಲ್ಲಿ ಬರೆಯುತ್ತೇನೆ:

"ಇಬ್ಬರು ಸದಸ್ಯರ ಪರವಾಗಿ ಕೊಟ್ಟ ಚೀಟಿಯನ್ನು ಓದಲಾಯಿತು. ಹೊಸ ಈಜುಕೊಳವನ್ನು ಭಾನುವಾರ ಮುಚ್ಚುವುದಾಗಿ ಒಪ್ಪಿದರೆ, ಹಳೆಯ ಶಾಲೆಯನ್ನು ಪರದೇಶದ ನರ್ಸುಗಳ ವಸತಿಗೆ ಕೊಡುವುದಕ್ಕೆ ಇಬ್ಬರೂ ಮತ ಕೊಡುವರು. ಒಪ್ಪದಿದ್ದರೆ ಇಬ್ಬರೂ ವಿರುದ್ಧ."

ಭಾನುವಾರ ಅವರಿಗೆ ದೇವರ ದಿನ, ಅಂದು ಆಟ ವಿನೋದ ಯಾವುದೂ ಕೂಡದು. ಇದು ಸಭೆಗೆ ಮೂರು ದಿನ ಮುಂಚಿನದು. ಕೊಳದ ಬೇಡಿಕೆಯನ್ನು ನಮ್ಮ ಪರವಿದ್ದ ಆರು ಜನ ಒಪ್ಪಿದರು. ಆಮೇಲೆ ಯಾನ್ನಾಳ ತಂದೆ ಎದ್ದು ನಿಂತು ಬಾಗಿಲಿಗೆ ಬಂದ ಪರದೇಶಿಯ ಮಾತಾಡಿದರು.

ಹನ್ನೊಂದು ಹುಡುಗಿಯರನ್ನು ಒಂದು ಈಜುಕೊಳಕ್ಕೆ ಬದಲು ಮಾಡಿಕೊಂಡರು. ನನ್ನನ್ನು ನೋಯಿಸುವುದು ಆ ಕೊನೆಯ ಸಾಲು. ನಾನು ಅವರ ಮೇಜಿನ ಮೇಲೆ ಎಂಟು ತಿಂಗಳು ಉಂಡವಳು. ಜ್ವರ ಬಂದಾಗ ಅವರು ಬಿಸಿ ಇಟ್ಟಿಗೆಯನ್ನು ಬಟ್ಟೆಯಲ್ಲಿ ಸುತ್ತಿ ಕಾಲಡಿ ಇಟ್ಟವರು. ಆ ಮನುಷ್ಯ "ಒಪ್ಪದಿದ್ದರೆ ವಿರುದ್ಧ" ಎಂದರು.

ಪೇರ್ಲ್ಯಾಂಡ್‌ನಲ್ಲಿ ನನ್ನ ಚರ್ಚಿನ ಹೆಂಗಸರು, "ಹಿಂದೂವನ್ನ ಮದುವೆ ಆಗಿದೀರಿ, ನಮ್ಮ ದೇವ್ರು ಒಪ್ತಾನಾ?" ಎಂದು ಕೇಳಿದಾಗ ನಾನು ಈ ಕತೆಯನ್ನೇ ಹೇಳುತ್ತಿದ್ದೆ. ಅಷ್ಟು ಬಿಗಿಯಾದ ಜನರೇ ಬಾಗಿಲು ತೆರೆದರು, ನೀವೇನು ಹೇಳುತ್ತೀರಿ ಎಂದು. ಈಗ ಯಾವ ಕತೆ ಹೇಳಲಿ?

ಯಾನ್ನಾಳ ವಿಷಯವೂ ಹೇಳಿಬಿಡುತ್ತೇನೆ. 1978ರಲ್ಲಿ ಮದುವೆಯ ಸುದ್ದಿ ಬರೆದೆ. ಉತ್ತರ ಬರಲಿಲ್ಲ. ಮತ್ತೆರಡು ಕಾಗದ ಬರೆದೆ. ಅವಳ ಚರ್ಚಿನ ಕಣ್ಣಿಗೆ ನನ್ನ ಮದುವೆ ಪಾಪ. ಅರ್ಥ ಮಾಡಿಕೊಂಡು ಸುಮ್ಮನಾದೆ. ಆದರೂ ಅವಳ ತಂದೆಯ ಹೆಸರು ಕೆಡುವುದು ನನಗೆ ಬೇಡ. ಅವರ ಜನ ಮತವನ್ನು ಇನ್ನೊಂದಕ್ಕೆ ಬದಲಾಗಿ ಕೊಡುವುದನ್ನು ತಪ್ಪೆಂದೇ ತಿಳಿದವರು. ಈ ಪುಟವನ್ನು ಬಳಸಬೇಡ. ಉಳಿದದ್ದೆಲ್ಲ ನಿನ್ನದು.

ರಜೆಗೆ ಬಾ. ಊಟಕ್ಕೇ ಬಾ.

ಸರೋಜಾ ಆಂಟಿ


ಆಸ್ಟಿನ್
3 ಡಿಸೆಂಬರ್ 2025

ಪ್ರೀತಿಯ ಆಂಟಿ,

ನಿಮ್ಮ ಮನೆಯಿಂದ ಬಂದ ಜೋಳದ ರೊಟ್ಟಿ ನಿನ್ನೆ ಮುಗಿಯಿತು. ನೀವು ಬಾಗಿಲು ತೆರೆದವರೇ, "ಬಾ ಒಳಗ. ಎಷ್ಟ್ ಸಣ್ಣಾಗೀಯವಾ, ಅಲ್ಲೇನ್ ಬರೇ ಪುಸ್ತಕಾ ತಿಂತಿ?" ಎಂದಾಗ, ಮೂರು ತಿಂಗಳು ಕಾಗದದಲ್ಲಿ ಕೇಳಿದ ದನಿಗೂ ಇದಕ್ಕೂ ಎಷ್ಟು ಅಂತರ ಅನ್ನಿಸಿತು. ಹತ್ತಿರದ ದನಿ ಇದು.

ವಸುಧಾ ಅಕ್ಕ ಪಾತ್ರೆ ಒರೆಸುತ್ತ ನನಗೆ ಮಾತ್ರ ಕೇಳುವಂತೆ, "ಅಮ್ಮ ಆ ಹಾಸ್ಟೆಲ್ ಸ್ಟೋರಿ ಹೇಳ್ಲೇ ಇಲ್ಲ ಈ ಸಲ. ಎವ್ರಿ ಥ್ಯಾಂಕ್ಸ್‌ಗಿವಿಂಗ್ ಹೇಳ್ತಾರೆ. ಆರ್ ಯು ಶೂರ್ ಶಿ ಈಸ್ ಓಕೆ?" ಎಂದರು. ನಾನು ಇನ್ನೊಂದು ತಟ್ಟೆ ಒರೆಸಿದೆ. ನಿಮಗೆ ಆಗಲೇ ಹೇಳಬೇಕಿತ್ತು, ಹೇಳಲಿಲ್ಲ. ಈಗ ಹೇಳುತ್ತೇನೆ.

ನವೆಂಬರ್ ಒಂಬತ್ತರ ಕಾಗದ ಬರೆಯುವಾಗ ನಲವತ್ತೊಂದರಲ್ಲಿ ಏನಿದೆ ಎಂದು ನನಗೆ ಗೊತ್ತಿತ್ತು. ನಿಮ್ಮ ಕಟ್ಟು ಬಂದ ದಿನವೇ ಈಚೆಗೆ ಇಲ್ಲಿಗೆ ಬಂದ ಡಚ್ ವಿದ್ಯಾರ್ಥಿಯೊಬ್ಬನಿಂದ ಓದಿಸಿದ್ದೆ. ನನ್ನ ಗೈಡ್ ಕೂಡ ನೋಡಿದ್ದಾರೆ. "ನೀನು ಆರು ವರ್ಷ ಹುಡುಕಿದ್ದು ಈ ಪುಟ," ಎಂದರು. ಅವರ ಮಾತು ನಿಜ. ಇಂಥ ಪಕ್ಷಗಳು ಬರೀ ತಮ್ಮ ನಂಬಿಕೆಗೆ ಸಾಕ್ಷಿ ನುಡಿಯುತ್ತವೆ, ರಾಜಕೀಯ ಮಾಡುವುದಿಲ್ಲ ಎಂದು ಎಲ್ಲರೂ ಬರೆದಿದ್ದಾರೆ. ಎರಡೇ ಮತ ಇದ್ದವರು ಅದನ್ನು ಯಾವಾಗ, ಯಾವುದಕ್ಕೆ ಖರ್ಚು ಮಾಡಬೇಕೆಂದು ತಿಳಿದಿದ್ದರು ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಆಧಾರ ನನಗೆ ಸಿಗುವುದಿಲ್ಲ. ಮೇ ತಿಂಗಳಿಗೆ ನನ್ನ ಫೆಲೋಶಿಪ್ ಮುಗಿಯುತ್ತದೆ.

ನೀವು ಬೇಡ ಎಂದಿದ್ದೀರಿ. ನಿಮ್ಮನ್ನು ಕೇಳದೆ ಬಳಸುವುದಿಲ್ಲ. ಒಂದೇ ಬೇಡಿಕೆ: ಯಾನ್ನಾ ಅವರಿಗೆ ಒಮ್ಮೆ ಬರೆಯುತ್ತೀರಾ? ಬೇಡವೆನ್ನುವ ಹಕ್ಕು ಅವರಿಗೂ ಇದೆಯಲ್ಲ.

ಸುಚೇತಾ


ಫಾರ್ಮರ್ಸ್ ಬ್ರಾಂಚ್
12 ಡಿಸೆಂಬರ್ 2025

ಸುಚೇತಾ,

ನಿನಗೆ ಗೊತ್ತಿತ್ತು. ಗೊತ್ತಿದ್ದೂ "ಮಸುಕಾಗಿದ್ದರೆ ಇರಲಿ ಬಿಡಿ" ಎಂದು ಬರೆದೆ. ನಾನು ಆ ಸಾಲು ಓದಿ, ಈ ಹುಡುಗಿ ಎಷ್ಟು ಮೃದು ಎಂದು ಅಂದುಕೊಂಡೆ. ಎರಡು ದಿನ ನಿನ್ನ ಮೇಲೆ ಸಿಟ್ಟಿನಲ್ಲಿದ್ದೆ. ಮೂರನೆಯ ದಿನ, ಆ ಪುಟ ಮುಚ್ಚಿಟ್ಟವಳು ಮೊದಲು ನಾನೇ ಎಂದು ನೆನಪಾಯಿತು. ಒಬ್ಬರಿಗೊಬ್ಬರು ಚೆನ್ನಾಗಿ ಸುಳ್ಳು ಹೇಳಿಕೊಂಡಿದ್ದೇವೆ.

ಯಾನ್ನಾಳಿಗೆ ಬರೆದೆ. ಡಚ್ಚಿನಲ್ಲಿ ಒಂದು ಪುಟ, ಅದಕ್ಕೆ ನಾಲ್ಕು ದಿನ ಹಿಡಿಯಿತು. ಹಳೆಯ ವಿಳಾಸಕ್ಕೇ ಹಾಕಿದ್ದೇನೆ. ಬದುಕಿದ್ದಾಳೋ ಇಲ್ಲವೋ ಗೊತ್ತಿಲ್ಲ. ನಿನ್ನ ಪುಟದ ನಕಲನ್ನೂ ಇಟ್ಟೆ. ಅವಳು ಬೇಡ ಎಂದರೆ ನೀನು ಕೇಳಬೇಕು.

ನಿನ್ನ ಗೈಡಿಗೆ ಹೇಳು, ಕಾಯುವುದಕ್ಕೆ ಕಲಿಯಲಿ.

ಸರೋಜಾ ಆಂಟಿ


ಆಸ್ಟಿನ್
27 ಜನವರಿ 2026

ಪ್ರೀತಿಯ ಆಂಟಿ,

ಮೂರು ದಿನದಿಂದ ಐಸ್ ಬಿದ್ದು ರಸ್ತೆಯೆಲ್ಲ ಗಾಜಾಗಿದೆ. ನಿಮ್ಮಲ್ಲಿ ಇದಕ್ಕಿಂತ ಹೆಚ್ಚೆಂದು ಕೇಳಿದೆ. ಕರೆಂಟ್ ಇದೆಯೇ? ಇಲ್ಲದಿದ್ದರೆ ಆ ಇಪ್ಪತ್ತು ನಿಮಿಷದ ಹೆದ್ದಾರಿಯ ಮರ್ಯಾದೆ ಸ್ವಲ್ಪ ಮರೆತು ವಸುಧಾ ಅಕ್ಕನ ಮನೆಗೆ ಹೋಗಿ.

ನಲವತ್ತೊಂದನ್ನು ಬಿಟ್ಟು ಅಧ್ಯಾಯ ಬರೆದು ಮುಗಿಸಿ ಗೈಡಿಗೆ ಕೊಟ್ಟಿದ್ದೇನೆ. ಅವರು ಓದಿ, "ಬಡವಾಗಿದೆ, ಆದರೆ ನಿಲ್ಲುತ್ತದೆ," ಎಂದರು. ನಿಲ್ಲುವುದು ಸಾಕು. ನಿಮ್ಮನ್ನು ಕಳೆದುಕೊಂಡು ಒಳ್ಳೆಯ ಅಧ್ಯಾಯ ಬರೆಯಲು ನನಗಿಷ್ಟವಿಲ್ಲ. ಇದನ್ನು ನಿಮ್ಮನ್ನು ಒಲಿಸಿಕೊಳ್ಳಲು ಬರೆಯುತ್ತಿಲ್ಲ. ನಿಮ್ಮ ಉತ್ತರ ಬಂದು ಆರು ವಾರವಾಯಿತು, ಅದಕ್ಕೆ.

ಸುಚೇತಾ


ಫಾರ್ಮರ್ಸ್ ಬ್ರಾಂಚ್
14 ಫೆಬ್ರವರಿ 2026

ಮಗಳೇ,

ಕರೆಂಟ್ ಇತ್ತು. ನಾನು ಬರೆಯಲಿಲ್ಲ, ಏಕೆಂದರೆ ಬರೆಯುವುದಕ್ಕೆ ಏನೂ ಇರಲಿಲ್ಲ. ದಿನಾ ಡಬ್ಬಿ ತೆರೆದು ನೋಡುವುದು, ಜಾಹೀರಾತು ಎಸೆಯುವುದು. ಮೊನ್ನೆ ಬಂತು.

ಯಾನ್ನಾ ಇದ್ದಾಳೆ. ಕಣ್ಣು ಹೆಚ್ಚುಕಡಿಮೆ ಹೋಗಿದೆಯಂತೆ. ಪಕ್ಕದ ಊರಿನ ನರ್ಸೊಬ್ಬಳಿಗೆ ಹೇಳಿ ಬರೆಸಿದ್ದಾಳೆ. ಪೂರ್ತಿ ಇಲ್ಲಿ ಇಳಿಸುತ್ತೇನೆ. ಅನುವಾದದಲ್ಲಿ ಈ ಸಲ ಏನೂ ಬಿಟ್ಟಿಲ್ಲ.

"ಸರೋಜಾ, ನೀನು ಕಳಿಸಿದ ಚೀಟಿ ನನ್ನದು. ಅಪ್ಪನಿಗೆ ಬರೆಯುವುದೆಂದರೆ ಹಲ್ಲು ಕೀಳಿಸಿಕೊಂಡಷ್ಟು ಕಷ್ಟ. ಪುರಸಭೆಯ ಅವರ ಕಾಗದವೆಲ್ಲ ನಾನೇ ಬರೆಯುತ್ತಿದ್ದೆ. ಅಪ್ಪ, ಅವರ ಜೊತೆಯವರು, ಇಬ್ಬರೂ ಮೊದಲಿನಿಂದ ಹಾಸ್ಟೆಲಿಗೆ ವಿರುದ್ಧ ಇದ್ದರು. ಹೊರಗಿನ ಹುಡುಗಿಯರು ಬಂದರೆ ಊರಿನ ನಡತೆ ಕೆಡುತ್ತದೆ ಎಂದು. ನೀನು ಮೇಲೆ ಅಟ್ಟದಲ್ಲಿದ್ದೆ, ನಾವು ಕೆಳಗೆ ಅಡುಗೆಮನೆಯಲ್ಲಿ. ನಾನು ಹೇಳಿದೆ: ಈಜುಕೊಳವನ್ನು ನಿಮ್ಮಿಬ್ಬರಿಂದ ತಡೆಯಲಾಗುವುದಿಲ್ಲ. ಆದರೆ ಆ ಆರು ಜನಕ್ಕೆ ಶಾಲೆಯ ವಿಷಯದಲ್ಲಿ ನೀವು ಬೇಕು. ಕೇಳಿ ನೋಡಿ. ಅಪ್ಪ ಒಂದು ಇಡೀ ದಿನ ನನ್ನ ಜೊತೆ ಮಾತಾಡಲಿಲ್ಲ. ಮಾರನೆಯ ದಿನ, 'ಬರಿ' ಎಂದರು.

"'ಒಪ್ಪದಿದ್ದರೆ ವಿರುದ್ಧ' ಎನ್ನುವುದು ಅಪ್ಪನ ಮೊದಲ ನಿಲುವು. ಅದರ ಹಿಂದಿನ ಸಾಲು ನನ್ನದು. ನಿನ್ನನ್ನು ಉಳಿಸಿಕೊಳ್ಳಲು ನನಗೆ ಬೇರೆ ದಾರಿ ಕಾಣಲಿಲ್ಲ.

"ಆದರೆ ಸಭೆಯಲ್ಲಿ ಆಡಿದ ಮಾತನ್ನು ನಾನು ಬರೆದುಕೊಟ್ಟಿರಲಿಲ್ಲ. ಕೊಟ್ಟ ಚೀಟಿಯಂತೆ ಅಪ್ಪ ಸುಮ್ಮನೆ ಕೈ ಎತ್ತಿದ್ದರೆ ಸಾಕಿತ್ತು. ಆ ಮಾತು ಎಲ್ಲಿಂದ ಬಂತೋ ನನಗೂ ಗೊತ್ತಿಲ್ಲ. ಮನೆಗೆ ಬಂದು, 'ನಾನು ಹೇಳಿದ್ದು ಸರಿಯಾಗಿತ್ತೇ?' ಎಂದು ನನ್ನನ್ನು ಕೇಳಿದರು. ಅಪ್ಪ ನನ್ನನ್ನು ಹಾಗೆ ಕೇಳಿದ್ದು ಅದೊಂದೇ ಸಲ.

"ನಿನ್ನ ಮದುವೆಯ ಕಾಗದ ಬಂದಾಗ ಸಂತೋಷ ಎಂದು ಬರೆದರೆ ನನ್ನ ಚರ್ಚಿಗೆ ಸುಳ್ಳಾಗುತ್ತಿದ್ದೆ. ತಪ್ಪು ಎಂದು ಬರೆದರೆ ನಿನಗೆ ಸುಳ್ಳಾಗುತ್ತಿದ್ದೆ. ಎರಡೂ ಬರೆಯದೆ ಕುಳಿತೆ. ಹಾಗೆ ಕುಳಿತೇ ನಲವತ್ತೆಂಟು ವರ್ಷ ಹೋಯಿತು. ನಿನ್ನ ಗಂಡ ಹೇಗಿದ್ದರು ಎಂದು ಬರೆ. ಕೇಳಬೇಕು.

"ಆ ಹುಡುಗಿ ಪುಟವನ್ನು ಹಾಕಲಿ. ಬರೆದವಳು ಯಾನ್ನಾ ಎಂದೂ ಹಾಕಲಿ. ಆ ಪಕ್ಷದಲ್ಲಿ ನನ್ನನ್ನು ಯಾರೂ ಎಣಿಸಿದವರಲ್ಲ.

"ಇನ್ನೊಂದು. ನಮ್ಮ ಚರ್ಚಿನ ಎಷ್ಟೋ ಹೆಂಗಸರಂತೆ ನಾನೂ ಇದುವರೆಗೆ ಮತ ಹಾಕಿಲ್ಲ. ಕಾನೂನು ತಡೆದಿರಲಿಲ್ಲ; ನಾವೇ ಹೋಗುತ್ತಿರಲಿಲ್ಲ. ಮಾರ್ಚ್ ಹದಿನೆಂಟಕ್ಕೆ ಪುರಸಭೆಯ ಚುನಾವಣೆ. ನನ್ನ ತಮ್ಮನ ಮಗಳು ನಮ್ಮ ಪಕ್ಷದಿಂದಲೇ ನಿಂತಿದ್ದಾಳೆ, ಪಟ್ಟಿಯಲ್ಲಿ ಮೂರನೆಯವಳು. ಚರ್ಚಿನಲ್ಲಿ ಅರ್ಧ ಜನ ಅವಳ ಜೊತೆ ಮಾತು ಬಿಟ್ಟಿದ್ದಾರೆ. ಕಣ್ಣು ಕಾಣದವರು ಮತ ಹಾಕಲು ಒಬ್ಬರನ್ನು ಜೊತೆಗೆ ಕರೆದೊಯ್ಯಬಹುದಂತೆ. ಊರಿನವರನ್ನು ಕರೆದರೆ ಊರಿಗೆ ಗೊತ್ತಾಗುತ್ತದೆ. ನೀನು ಬರುತ್ತೀಯಾ?"

ಇಷ್ಟು. ಓದಿ ಮುಗಿಸಿ ರಾಜಗೋಪಾಲರ ಫೋಟೋದ ಮುಂದೆ ಹೋದೆ. ಅವರಿಗೆ ಯಾನ್ನಾಳ ಮೇಲೆ ಸಿಟ್ಟಿತ್ತು. ಅವರಿಗೂ ಓದಿ ಹೇಳಿದೆ.

ವಸುಧಾಳಿಗೆ ಹೇಳಿದರೆ, "ಅಮ್ಮಾ, ಈ ಏಜ್‌ನಲ್ಲಿ ಒಬ್ಳೇ? ಅದೂ ವೋಟ್ ಹಾಕ್ಸಕ್ಕೆ? ದಟ್ಸ್ ಕ್ರೇಝಿ," ಎಂದಳು. "ಹೌದವಾ. ಟಿಕೆಟ್ ಬುಕ್ ಮಾಡು," ಎಂದೆ.

ಆಂಟಿ


ಆಸ್ಟಿನ್
23 ಫೆಬ್ರವರಿ 2026

ನನ್ನ ಪ್ರೀತಿಯ ಆಂಟಿ,

ಅಧ್ಯಾಯವನ್ನು ಮತ್ತೆ ಬರೆಯುತ್ತಿದ್ದೇನೆ. ಅಡಿಟಿಪ್ಪಣಿಯಲ್ಲಿ ಯಾನ್ನಾ ಅವರ ಹೆಸರು ಬಂತು. ಆಮೇಲೆ ಅಡಿಯಲ್ಲಿ ಇರುವುದು ಸರಿಯಲ್ಲ ಅನ್ನಿಸಿ ಮೇಲಕ್ಕೆ ತಂದೆ. ಆರು ವರ್ಷ ನಾನು ಸದಸ್ಯರ ಹೆಸರು ಓದಿದೆ, ಮತಗಳನ್ನು ಎಣಿಸಿದೆ. ಹೆಂಗಸರಿಗೆ ಜಾಗವಿಲ್ಲದ ಪಕ್ಷ ಎಂದು ಸಲೀಸಾಗಿ ಬರೆದುಬಿಟ್ಟೆ. ಚೀಟಿ ಯಾರು ಬರೆದರು ಎಂದು ಒಂದು ಸಲವೂ ಕೇಳಲಿಲ್ಲ. ನೀವು ಇಲ್ಲದಿದ್ದರೆ ಕೇಳುತ್ತಲೂ ಇರಲಿಲ್ಲ.

ಮಾರ್ಚ್ ಹದಿನಾಲ್ಕನೆಯ ತಾರೀಖು ನಿಮ್ಮನ್ನು ಏರ್‌ಪೋರ್ಟಿಗೆ ಬಿಡಲು ನಾನೇ ಡ್ರೈವ್ ಮಾಡಿಕೊಂಡು ಬರುತ್ತೇನೆ. ವಸುಧಾ ಅಕ್ಕನಿಗೂ ಫೋನ್ ಮಾಡಿದ್ದೆ. "ಫೈನ್, ಆದ್ರೆ ವ್ಹೀಲ್‌ಚೇರ್ ತಗೋಳ್ಳೇಬೇಕು ಅಂತ ನೀನೇ ಹೇಳು, ನನ್ ಮಾತು ಕೇಳಲ್ಲ," ಎಂದರು. ಹೇಳಿದ್ದೇನೆ. ದಯವಿಟ್ಟು ತೆಗೆದುಕೊಳ್ಳಿ.

ಅಲ್ಲಿಂದ ಬರೆಯಿರಿ. ಯಾರು ಗೆದ್ದರು, ಅವರು ಯಾರಿಗೆ ಹಾಕಿದರು, ಎಲ್ಲ.

ನಿಮ್ಮ,
ಸುಚೇತಾ


ಝೀಲ್ಯಾಂಡ್
18 ಮಾರ್ಚ್ 2026

ಮಗಳೇ,

ವ್ಹೀಲ್‌ಚೇರ್ ತೆಗೆದುಕೊಂಡೆ. ಒಂದು ವಿಮಾನ ನಿಲ್ದಾಣದಲ್ಲಿ ಮಾತ್ರ.

ಯಾನ್ನಾ ಬಾಗಿಲಲ್ಲೇ ನಿಂತಿದ್ದಳು. ಕಣ್ಣು ಕಾಣದವಳು ನನ್ನ ಮುಖವನ್ನು ಎರಡೂ ಕೈಯಿಂದ ತಡವಿ, "ನೀನು ದಪ್ಪಗಾಗಿದ್ದೀ," ಎಂದಳು. ಮೂರು ದಿನದಿಂದ ನಾವು ಮಾತಾಡುತ್ತಲೇ ಇದ್ದೇವೆ. ನನ್ನ ಡಚ್ ಸಿಕ್ಕಿಹಾಕಿಕೊಂಡಲ್ಲಿ ಅವಳು ಶಬ್ದ ಕೊಡುತ್ತಾಳೆ, ಐವತ್ತು ವರ್ಷದ ಹಿಂದೆ ಕೊಟ್ಟ ಹಾಗೆಯೇ. ರಾಜಗೋಪಾಲರ ಬಗ್ಗೆ ಎಲ್ಲ ಹೇಳಿದೆ: ಪಾತ್ರೆ ತೊಳೆಯುವಾಗ ಹಾಡುತ್ತಿದ್ದದ್ದು, ನನ್ನ ಚರ್ಚಿನ ಕ್ರಿಸ್ಮಸ್ ಊಟಕ್ಕೆ ಪ್ರತಿ ವರ್ಷ ಪುಳಿಯೋಗರೆ ಮಾಡಿ ಕೊಡುತ್ತಿದ್ದದ್ದು. ಅವಳು ಕೇಳಿ ಕೊನೆಗೆ, "ಒಳ್ಳೆಯ ಮದುವೆ," ಎಂದಳು. ಅಷ್ಟೇ ಅಂದಳು. ಅವಳಿಗೆ ಅದು ಎಷ್ಟು ದೊಡ್ಡ ಮಾತು ಎಂದು ನನಗೆ ಗೊತ್ತು.

ಒಂದು ವಿಷಯಕ್ಕೆ ಜಗಳವೂ ಆಯಿತು. ಚುನಾವಣೆಯಲ್ಲಿ ಪರದೇಶದಿಂದ ಬಂದವರ ವಸತಿ ಈ ಸಲವೂ ದೊಡ್ಡ ಮಾತು. ಅವಳ ಪಕ್ಷ ಹೇಳುವುದು ನನಗೆ ಹಿಡಿಸುವುದಿಲ್ಲ. ನಾನು ಹೇಳಿದೆ, ಅವಳು ವಾದಿಸಿದಳು. ಇಬ್ಬರೂ ಕದಲಲಿಲ್ಲ. ಆಮೇಲೆ ಸೂಪ್ ಕುಡಿದೆವು. ನಿನ್ನ ಅಧ್ಯಾಯದಲ್ಲಿ ಇವಳನ್ನು ತೀರ ನಮ್ಮಂಥವಳು ಮಾಡಿ ಬರೆಯಬೇಡ. ಅವಳು ನಮ್ಮಂಥವಳಲ್ಲ. ನನ್ನವಳು, ಅಷ್ಟೇ.

ಇವತ್ತು ಬೆಳಗ್ಗೆ ಹತ್ತಕ್ಕೆ ಹೊರಟೆವು. ಮತಗಟ್ಟೆ ಇರುವುದು ಊರಿನ ಗ್ರಂಥಾಲಯದಲ್ಲಿ. ಗಾಳಿ ಎಷ್ಟಿತ್ತೆಂದರೆ ಒಬ್ಬರ ಕೋಟಿನ ತೋಳನ್ನು ಒಬ್ಬರು ಹಿಡಿದು ನಡೆದೆವು. ಅವಳ ತಮ್ಮನ ಮಗಳು ದಾರಿಯ ತುದಿಯಲ್ಲಿ ನಿಂತು ಪ್ರಚಾರದ ಕರಪತ್ರ ಹಂಚುತ್ತಿದ್ದಳು. ಯಾನ್ನಾಳನ್ನು ನೋಡಿ ಅವಳ ಕೈ ನಿಂತುಹೋಯಿತು.

"ಅತ್ತೆ, ಎಲ್ಲಿಗೆ?" ಎಂದಳು.

"ಇವಳಿಗೆ ಊರು ತೋರಿಸುತ್ತಿದ್ದೇನೆ," ಎಂದಳು ಯಾನ್ನಾ.

ಒಳಗೆ ಮೇಜಿನ ಹಿಂದೆ ಮೂವರು ಕುಳಿತಿದ್ದರು. ಒಬ್ಬರು ಅವಳ ಚರ್ಚಿನವರೇ ಇರಬೇಕು. ಗುರುತಿನ ಚೀಟಿ ನೋಡಿ, ಮುಖ ನೋಡಿ, ಮತ್ತೆ ಚೀಟಿ ನೋಡಿದರು. ನಾನು ಯಾರೆಂದು ಕೇಳಿದರು. "ನನ್ನ ಕಣ್ಣು," ಎಂದಳು. ಇಬ್ಬರನ್ನೂ ಒಳಗೆ ಬಿಟ್ಟರು.

ಮತಪತ್ರ ಚಾಪೆಯಷ್ಟು ದೊಡ್ಡದು. ನಾನು ಅವಳ ಕಿವಿಯ ಹತ್ತಿರ ಪಕ್ಷಗಳನ್ನೂ ಹೆಸರುಗಳನ್ನೂ ಮೊದಲಿನಿಂದ ಮೆಲ್ಲಗೆ ಓದುತ್ತ ಹೋದೆ. ಅವಳ ಪಕ್ಷ ಬಂತು, ಮೂರನೆಯ ಹೆಸರು ಬಂತು, ಮುಂದಿನ ಪಕ್ಷಗಳೂ ಬಂದವು. ಕೊನೆಯವರೆಗೂ ಓದಿಸಿದಳು. ಆಮೇಲೆ ನನ್ನ ಮೊಣಕೈ ಹಿಡಿದು ಒಂದು ಹೆಸರು ಹೇಳಿದಳು. ಕೆಂಪು ಪೆನ್ಸಿಲನ್ನು ಅವಳ ಬೆರಳಿಗೆ ಕೊಟ್ಟು, ಕೈಯನ್ನು ಆ ಹೆಸರಿನ ಪಕ್ಕದ ಖಾಲಿ ವೃತ್ತದ ಮೇಲೆ ಇಟ್ಟೆ. ತುಂಬುವುದನ್ನು ಅವಳೇ ತುಂಬಿದಳು. ನಿಧಾನವಾಗಿ, ಗೆರೆಯಿಂದ ಒಂದಿಷ್ಟೂ ಆಚೆ ಹೋಗದ ಹಾಗೆ.

ಪೆಟ್ಟಿಗೆಗೆ ಹಾಕಿ ಹೊರಗೆ ಬಂದು ಗಾಳಿಯಲ್ಲಿ ನಿಂತೆವು.

"ಇಷ್ಟೇನಾ?" ಎಂದು ಕೇಳಿದಳು.

"ಇಷ್ಟೇ," ಎಂದೆ.

ಎಪ್ಪತ್ತಾರು ವರ್ಷದವಳು ಗ್ರಂಥಾಲಯದ ಗೋಡೆಗೆ ಒರಗಿ ನಗಲು ಶುರು ಮಾಡಿದಳು. ನನಗೂ ನಗು ತಡೆಯಲಿಲ್ಲ. ಜನ ತಿರುಗಿ ನೋಡುತ್ತಿದ್ದರು.

ಎಣಿಕೆ ಇನ್ನೂ ಶುರುವಾಗಿಲ್ಲ. ಯಾರು ಗೆದ್ದರೆಂದು ನೀನು ಪತ್ರಿಕೆಯಲ್ಲಿ ಓದಿಕೊಳ್ಳುವೆ. ಅವಳು ಯಾರಿಗೆ ಹಾಕಿದಳು ಎಂದು ಮಾತ್ರ ನನ್ನನ್ನು ಕೇಳಬೇಡ. ಇಷ್ಟು ದಿನ ನೀನು ಕೇಳಿದ್ದನ್ನೆಲ್ಲ ಹೇಳಿದ್ದೇನೆ; ಇದನ್ನು ಹೇಳುವುದಿಲ್ಲ. ಅದು ಅವಳ ಮತ.

ಪ್ರೀತಿಯಿಂದ,
ಆಂಟಿ